ನಾಮಿನಿ ಕಾಲಂ ನೋಡಿ ಹೆದರಿದ ಮನೆಯವರು

ಹೊಸ ಕ್ಯಾನ್ಸರ್ ಔಷಧದ ಟ್ರಯಲ್‌ಗೆ (ರೋಗಿಗಳ ಮೇಲೆ ನಡೆಸುವ ಪರೀಕ್ಷೆಗೆ) ಸೇರಬೇಕೇ ಎಂದು ಕೇಳಲು ನನ್ನ ಬಳಿ ಮೂರು ಜನ ಬಂದಿದ್ದರು. ಶಾರದಮ್ಮ ಎಂದಿಟ್ಟುಕೊಳ್ಳೋಣ (ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ), ಅವರ ಯಜಮಾನರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ. ಶಾರದಮ್ಮನವರಿಗೆ 52 ವರ್ಷ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾರೆ. ಎರಡು ಹಸು ಸಾಕಿದ್ದಾರೆ, ಡೈರಿಗೆ ಹಾಲು ಹಾಕುತ್ತಾರೆ.

ಎಡ ಸ್ತನದಲ್ಲಿ ಗಂಟು ಕಾಣಿಸಿಕೊಂಡಿತ್ತು. ಬಯಾಪ್ಸಿಯಲ್ಲಿ ಇನ್ವೇಸಿವ್ ಕ್ಯಾನ್ಸರ್ ಎಂದು ಬಂತು. ಅಂದರೆ ಹಾಲಿನ ನಾಳದಲ್ಲಿ ಹುಟ್ಟಿದ್ದು ಅದರ ಗೋಡೆ ದಾಟಿ ಸುತ್ತಲಿನ ಭಾಗಕ್ಕೆ ಹೊಕ್ಕಿದೆ. ಜೊತೆಗೆ ಹರ್-2 ಪಾಸಿಟಿವ್, ಅಂದರೆ ಕ್ಯಾನ್ಸರ್ ಕೋಶಗಳ ಮೇಲೆ ಹರ್-2 ಎಂಬ ಪ್ರೋಟೀನ್ ಅತಿಯಾಗಿದೆ. ಆಪರೇಷನ್‌ಗೆ ಮೊದಲು ಕೀಮೋ ಮತ್ತು ಆ ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಕೊಡೋಣ ಎಂದು ಡಾಕ್ಟರು ಹೇಳಿದ್ದರು. ಇದರ ಮೇಲೆ ಇನ್ನೊಂದು ಹೊಸ ಔಷಧ ಸೇರಿಸಿದರೆ ಹೆಚ್ಚು ಉಪಯೋಗ ಇದೆಯೇ ಎಂದು ನೋಡುವ ಮೂರನೇ ಹಂತದ ಟ್ರಯಲ್ ಅದೇ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಸೇರುತ್ತೀರಾ ಎಂದು ಕೇಳಿ, ಒಂದು ದಪ್ಪ ಒಪ್ಪಿಗೆ ಪತ್ರ ಕೊಟ್ಟು ಕಳಿಸಿದ್ದರು.

ಯಜಮಾನರು ಕುಳಿತ ಕೂಡಲೇ ಕೊನೆಯ ಪುಟ ತೆಗೆದು ಬೆರಳಿಟ್ಟು ತೋರಿಸಿದರು. "ಮೇಡಂ, ಇಲ್ಲಿ ನಾಮಿನಿ ಹೆಸರು ಕೇಳಿದಾರೆ, ಎಲ್‌ಐಸಿ ಫಾರಂ ತರ. ಅಂದ್ರೆ ಇವಳು ಉಳಿಯಲ್ಲ ಅಂತ ಅವರಿಗೇ ಗೊತ್ತು, ಅಲ್ವಾ?"

ಈ ಪ್ರಶ್ನೆ ನನಗೆ ಹೊಸದಲ್ಲ. ನಮ್ಮ ದೇಶದ ಒಪ್ಪಿಗೆ ಪತ್ರಗಳಲ್ಲಿ ರೋಗಿಯ ವಿದ್ಯೆ, ಕೆಲಸ, ವರ್ಷದ ಆದಾಯ, ನಾಮಿನಿ ಹೆಸರು, ಎಲ್ಲಕ್ಕೂ ಜಾಗ ಇರುತ್ತದೆ. ಇದನ್ನು ಕಾನೂನೇ ಕೇಳುತ್ತದೆ. ಟ್ರಯಲ್‌ನಿಂದ ಜೀವಕ್ಕೆ ಅಪಾಯವಾದರೆ ಮನೆಯವರಿಗೆ ಪರಿಹಾರ ಸಿಗಬೇಕು, ಅದು ಯಾರ ಕೈಗೆ ಹೋಗಬೇಕು ಎಂಬುದು ಮೊದಲೇ ಬರೆದಿರಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್‌ನಿಂದ ತೊಂದರೆಯಾದರೆ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಗಂಭೀರ ತೊಂದರೆಯನ್ನು ಡಾಕ್ಟರು 24 ಗಂಟೆಯೊಳಗೆ ಮೇಲಿನವರಿಗೆ ತಿಳಿಸಬೇಕು. ಇದನ್ನೆಲ್ಲ ಹೇಳಿ, "ಬಸ್ಸಿನಲ್ಲಿ ತುರ್ತು ಬಾಗಿಲು ಇರುತ್ತಲ್ಲ, ಅದನ್ನ ನೋಡಿ ಬಸ್ಸು ಉರುಳುತ್ತೆ ಅಂತ ಇಳಿದುಬಿಡ್ತೀರಾ?" ಎಂದೆ. ಅವರು ನಗಲಿಲ್ಲ. ಆದರೆ ಪತ್ರ ಮಡಚಿಟ್ಟರು. ಅಪಾಯವೇ ಇಲ್ಲ ಎಂದು ಮಾತ್ರ ನಾನು ಹೇಳಲಿಲ್ಲ. ಹಾಗೆ ಹೇಳುವ ಹಕ್ಕು ನನಗಿಲ್ಲ.

ಮಗನದು ಬೇರೆಯೇ ಲೆಕ್ಕ. "ಅಪ್ಪ ಸುಮ್ನೆ ಹೆದರ್ತಾರೆ. ಹೊಸ ಔಷಧ ಸಿಗೋದಾದ್ರೆ ನಾವು ರೆಡಿ. ಆದ್ರೆ ಎರಡು ಗುಂಪು ಮಾಡ್ತಾರಂತೆ. ನೀವು ಡಾಕ್ಟ್ರಿಗೆ ಒಂದು ಮಾತು ಹೇಳಿ, ಅಮ್ಮನ್ನ ಹೊಸ ಔಷಧದ ಗುಂಪಿಗೇ ಹಾಕಿಸಿ."

ವಶೀಲಿ ಎಲ್ಲ ಕಡೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಒಪ್ಪಿಗೆ ಪತ್ರದಲ್ಲಿ 'ಯಾದೃಚ್ಛಿಕ ಹಂಚಿಕೆ' ಎಂದು ಬರೆದಿತ್ತು. ಆ ಪದ ಹಾಕಿದವರು ಶಾರದಮ್ಮನವರ ಮುಂದೆ ಒಮ್ಮೆ ಅದನ್ನು ಓದಿ ನೋಡಬೇಕಿತ್ತು! ನಾನು ಚೀಟಿ ಎತ್ತುವುದು ಎಂದೆ. ಎತ್ತುವುದು ಕಂಪ್ಯೂಟರು. ಡಾಕ್ಟರ ಕೈಯಲ್ಲೂ ಇಲ್ಲ. ಯಾವ ಚೀಟಿ ಬಂದರೂ ಈಗ ರೂಢಿಯಲ್ಲಿರುವ ಒಳ್ಳೆಯ ಚಿಕಿತ್ಸೆಯಂತೂ ಸಿಗುತ್ತದೆ. ಈ ಟ್ರಯಲ್‌ನಲ್ಲಿ ಬರೀ ಉಪ್ಪುನೀರು ಕೊಟ್ಟು ಕೂರಿಸುವ ಗುಂಪು ಇಲ್ಲ.

ಹೊಸದು ಎಂದರೆ ಒಳ್ಳೆಯದೇ ಎಂಬ ನಂಬಿಕೆಯನ್ನೂ ಸ್ವಲ್ಪ ಅಲುಗಾಡಿಸಬೇಕಿತ್ತು. 1990ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಾರು ಹೆಂಗಸರು ಸ್ತನ ಕ್ಯಾನ್ಸರ್‌ಗೆ ಭಾರಿ ಪ್ರಮಾಣದ ಕೀಮೋ ಮತ್ತು ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡರು. ಟ್ರಯಲ್ ಮುಗಿಯುವ ತನಕ ಕಾಯಲು ಬಹಳ ಮಂದಿಗೆ ತಾಳ್ಮೆ ಇರಲಿಲ್ಲ. 1999ರಲ್ಲಿ ಫಲಿತಾಂಶ ಬಂದಾಗ ನೋಡಿದರೆ, ಸಾಮಾನ್ಯ ಕೀಮೋಗಿಂತ ಆಯಸ್ಸು ಹೆಚ್ಚೇನೂ ಆಗಿರಲಿಲ್ಲ. ಚಿಕಿತ್ಸೆಯಿಂದಲೇ ಸತ್ತವರೂ ಇದ್ದರು. ಇದರ ಉಲ್ಟಾ ಉದಾಹರಣೆಯೂ ಇದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು ನಮ್ಮ ದೇಶದ 11 ಆಸ್ಪತ್ರೆಗಳಲ್ಲಿ ಸುಮಾರು 1600 ಹೆಂಗಸರ ಮೇಲೆ ಟ್ರಯಲ್ ಮಾಡಿದರು. ಅರ್ಧದಷ್ಟು ಜನಕ್ಕೆ ಆಪರೇಷನ್‌ಗೆ ಸ್ವಲ್ಪ ಮೊದಲು ಗಡ್ಡೆಯ ಸುತ್ತ ಲಿಡೋಕೇನ್ ಚುಚ್ಚಿದರು. ಹಲ್ಲಿನ ಡಾಕ್ಟರು ಮರಗಟ್ಟಿಸಲು ಕೊಡುವ ಅಗ್ಗದ ಔಷಧವೇ ಅದು. ಐದು ವರ್ಷದ ಮೇಲೆ ಬದುಕಿದ್ದವರು ಚುಚ್ಚಿಸಿಕೊಳ್ಳದ ಗುಂಪಿನಲ್ಲಿ ನೂರಕ್ಕೆ 86.4, ಚುಚ್ಚಿಸಿಕೊಂಡ ಗುಂಪಿನಲ್ಲಿ 90.1 ಎಂದು 2023ರಲ್ಲಿ ಪ್ರಕಟವಾಯಿತು. ಯಾವುದು ಕೆಲಸ ಮಾಡುತ್ತದೆ ಎಂದು ಮೊದಲೇ ಗೊತ್ತಿದ್ದರೆ ಚೀಟಿ ಯಾಕೆ ಎತ್ತುತ್ತಿದ್ದರು?

ಇಷ್ಟು ಹೇಳುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿತ್ತು. ಆಗ ನನ್ನ ತಪ್ಪು ಹೊಳೆಯಿತು. ಗಂಡನಿಗೆ ಉತ್ತರ ಕೊಟ್ಟೆ, ಮಗನಿಗೆ ಉತ್ತರ ಕೊಟ್ಟೆ. ಕಾಯಿಲೆ ಯಾರದೋ ಅವರನ್ನು ಏನೂ ಕೇಳಿರಲಿಲ್ಲ. ಅವರು ಸೆರಗಿನ ಅಂಚು ಸುತ್ತುತ್ತಾ ಕೂತಿದ್ದರು. ಇಬ್ಬರನ್ನೂ ಹೊರಗೆ ಕಳಿಸಿದೆ.

"ಬೇಡ ಅಂದ್ರೆ ಡಾಕ್ಟ್ರು ಬೇಜಾರು ಮಾಡ್ಕೊಂಡು ಸರಿಯಾಗಿ ನೋಡಲ್ವಾ, ಮೇಡಂ?"

ಅವರ ಭಯ ಇದೊಂದೇ! ಬೇಡ ಎನ್ನಬಹುದು ಎಂದೆ. ಸೇರಿದ ಮೇಲೂ, ಅರ್ಧದಲ್ಲೂ, ಕಾರಣ ಹೇಳದೆಯೂ ಹೊರಗೆ ಬರಬಹುದು. ರೂಢಿಯ ಚಿಕಿತ್ಸೆ ನಿಲ್ಲಬಾರದು. ಔಷಧ ನಿಲ್ಲಿಸುವಾಗ ಡಾಕ್ಟರಿಗೆ ಹೇಳಿ ನಿಲ್ಲಿಸಿ, ಅಷ್ಟೇ. ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿದೆ: ಟ್ರಯಲ್ ನಡೆಯುವುದು ಮುಂದೆ ಬರುವ ಹೆಂಗಸರಿಗೆ ಯಾವುದು ಸರಿ ಎಂದು ತಿಳಿಯಲು. ನಿಮಗೂ ಉಪಯೋಗ ಆಗಬಹುದು, ಆಗದೆಯೂ ಇರಬಹುದು.

ಅಂದು ಸಹಿ ಮಾಡಬೇಡಿ, ಪತ್ರ ಮನೆಗೆ ಒಯ್ಯಿರಿ ಎಂದೆ. ಮಗಳು ನಿಧಾನವಾಗಿ ಓದಿ ಹೇಳಲಿ. 'ಎಲ್ಲಾ ಫ್ರೀ' ಎಂದು ಯಜಮಾನರು ಅಂದುಕೊಂಡಿದ್ದರು. ಎಷ್ಟೋ ಕಡೆ ಟ್ರಯಲ್ ಔಷಧ ಮಾತ್ರ ಉಚಿತ, ಉಳಿದ ಕೀಮೋ ಖರ್ಚು ನಮ್ಮದೇ. ಅದನ್ನು ಬಾಯಿಬಿಟ್ಟು ಕೇಳಿ. ಹೆಚ್ಚುವರಿ ಬಯಾಪ್ಸಿ ಎಷ್ಟು ಸಲ, ಎಕೋ (ಹೃದಯದ ಸ್ಕ್ಯಾನ್) ಎಷ್ಟು ಸಲ, ಬಸ್ ಚಾರ್ಜು ಯಾರು ಕೊಡುತ್ತಾರೆ, ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್, ಕೇಳಿ. ಟ್ರಾಸ್ಟುಜುಮ್ಯಾಬ್ ಹೃದಯಕ್ಕೆ ತೊಂದರೆ ಕೊಡಬಹುದು, ಹಾಗಾಗಿ ಎಕೋ ಅಂತೂ ತಪ್ಪಿದ್ದಲ್ಲ. ಮಗನಿಗೆ ಒಂದು ಕೆಲಸ ಕೊಟ್ಟೆ. ಸಿಟಿಆರ್‌ಐ ಎಂದರೆ ನಮ್ಮ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ, ಅದರಲ್ಲಿ ಈ ಟ್ರಯಲ್‌ನ ನಂಬರು ಹಾಕಿ ಹುಡುಕಲಿ. 2009ರ ಜೂನ್‌ನಿಂದ ಆ ನೋಂದಣಿ ಕಡ್ಡಾಯ. ನಂಬರೇ ಇಲ್ಲದ ಟ್ರಯಲ್ ಆದರೆ ಎದ್ದು ಬನ್ನಿ.

ವಾರದ ಮೇಲೆ ಶಾರದಮ್ಮ ಮಗಳ ಜೊತೆ ಬಂದರು. ಸೇರುತ್ತೇನೆ ಎಂದರು. ಹಸುಗಳನ್ನು ನೋಡಿಕೊಳ್ಳಲು ತಂಗಿಯನ್ನು ಒಪ್ಪಿಸಿ ಬಂದಿದ್ದರು. ಕಂಪ್ಯೂಟರ್ ಎತ್ತಿದ ಚೀಟಿಯಲ್ಲಿ ಅವರಿಗೆ ಬಂದದ್ದು ಹಳೆಯ ಚಿಕಿತ್ಸೆಯ ಗುಂಪು. ಮಗ ಫೋನಿನಲ್ಲಿ ಬಹಳ ಬೇಸರ ಮಾಡಿಕೊಂಡನಂತೆ. ಇವರು ಮಾತ್ರ ಆರಾಮಾಗಿದ್ದರು.

ನಾಮಿನಿ ಕಾಲಂನಲ್ಲಿ ಯಾರ ಹೆಸರು ಬರೆಸಿದಿರಿ ಎಂದು ಕೇಳಿದೆ. "ಇವಳದ್ದೇ" ಎಂದು ಮಗಳನ್ನು ತೋರಿಸಿದರು. "ನಮ್ಮೆಜಮಾನ್ರಿಗೆ ಹೇಳಿಲ್ಲ. ನೀವೂ ಹೇಳ್ಬೇಡಿ."