ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯೋದು ಮೈಗೆ ರೂಢಿ ಆಗುತ್ತದೆಯೇ?

ಪತ್ರ: ಹತ್ತಿಗೆ ಎಣ್ಣೆ ಹೊಡೆದು ಬಂದ ದಿನ ಅಪ್ಪನಿಗೆ ಕಣ್ಣು ಮಂಜಾಗುತ್ತದೆ, ಮೈಯೆಲ್ಲ ಬೆವರುತ್ತದೆ, ತೋಳಿನ ಮಾಂಸ ತಾನಾಗಿಯೇ ಅದುರುತ್ತದೆ. ಡಬ್ಬಿ ಮೇಲೆ ಪ್ರೊಫೆನೊಫಾಸ್ ಅಂತ ಇದೆ. ‘ಅದು ಹುಳಕ್ಕೆ ಔಷಧ, ನನಗೆ ರೂಢಿ ಆಗಿದೆ’ ಅಂತಾರೆ ಅಪ್ಪ. ಕಾಲೇಜಿನಲ್ಲಿ ನರಕೋಶದ ಚಿತ್ರ ಬರೆದಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ

ಸಂಪಾದಕರ ಉತ್ತರ:

ಇದೆ ತಂಗಿ. ನೀವು ಬರೆದ ಚಿತ್ರದ ತುದಿಯಲ್ಲೇ ಇದೆ.

ನಡುವೆ ಕೋಶಕಾಯ, ಅದರ ಸುತ್ತ ಡೆಂಡ್ರೈಟ್ ಎಂಬ ಕವಲುಗಳು. ಸುದ್ದಿ ಒಳಗೆ ಬರುವುದು ಹೆಚ್ಚಾಗಿ ಇಲ್ಲಿಂದ. ಹೊರಗೆ ಹೋಗುವುದು ಆಕ್ಸಾನ್ ಎಂಬ ಉದ್ದನೆಯ ಎಳೆಯಲ್ಲಿ. ಪುಸ್ತಕದಲ್ಲಿ ಅದು ಬೆರಳುದ್ದ. ಆದರೆ ನಿಮ್ಮಪ್ಪನ ಬೆನ್ನುಹುರಿಯಿಂದ ಪಾದದವರೆಗೆ ಇಳಿಯುವ ಎಳೆ ಸುಮಾರು 1 ಮೀಟರ್ ಇರುತ್ತದೆ, ಅಷ್ಟೂ ಒಂದೇ ಕೋಶದ್ದು! ಸೋಡಿಯಂ ಒಳನುಗ್ಗಿ, ಹಿಂದೆಯೇ ಪೊಟ್ಯಾಸಿಯಂ ಹೊರಬಂದು, ವಿದ್ಯುತ್ತಿನ ಸಣ್ಣ ಅಲೆಯೊಂದು ಎಳೆಯುದ್ದಕ್ಕೂ ಓಡುತ್ತದೆ.

ತುದಿಗೆ ಬಂದಾಗ ಆ ಅಲೆ ನಿಲ್ಲಲೇಬೇಕು. ನರಕ್ಕೂ ಸ್ನಾಯುವಿಗೂ ನಡುವೆ ಸಂದಿ ಇದೆ. ಕೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತ ಕಿರಿದು. ಅದನ್ನು ದಾಟುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ನರ ಹೀಗೆ ರಾಸಾಯನಿಕದ ಮೂಲಕ ಮಾತಾಡುತ್ತದೆ ಎಂದು 1921ರಲ್ಲಿ ಕಪ್ಪೆಯ ಹೃದಯ ಇಟ್ಟುಕೊಂಡು ತೋರಿಸಿದವರು ಆಟೊ ಲೋವಿ. 1936ರ ನೊಬೆಲ್ ಪ್ರಶಸ್ತಿಯನ್ನು ಅವರು ಹೆನ್ರಿ ಡೇಲ್ ಜೊತೆ ಹಂಚಿಕೊಂಡರು.

ಸುದ್ದಿ ಮುಟ್ಟಿದ ಮೇಲೆ ಆ ರಾಸಾಯನಿಕ ಅಲ್ಲೇ ಉಳಿಯಬಾರದು. ಉಳಿದರೆ ಸ್ನಾಯುವಿಗೆ ‘ಬಿಗಿ, ಬಿಗಿ’ ಎಂಬ ಒಂದೇ ಆಜ್ಞೆ ಬರುತ್ತಲೇ ಇರುತ್ತದೆ. ಅದನ್ನು ಆಗಿಂದಾಗಲೇ ಒಡೆದು ಹಾಕಲು ಸಂದಿಯಲ್ಲೇ ಒಂದು ಕಿಣ್ವ ಕೂತಿದೆ: ಅಸಿಟೈಲ್‌ಕೋಲಿನೆಸ್ಟರೇಸ್. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಜಾತಿಯ ಎಣ್ಣೆಗಳು ಈ ಕಿಣ್ವಕ್ಕೇ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತವೆ. ಹುಳ ಸಾಯುವುದು ಹೀಗೆ. ಅದೇ ಕಿಣ್ವ ನಮ್ಮಲ್ಲೂ ಇದೆ. ಬಟ್ಟೆ ನೆನೆದರೆ ಸಾಕು, ಎಣ್ಣೆ ಚರ್ಮದಿಂದಲೇ ಒಳಗಿಳಿಯುತ್ತದೆ.

ಈಗ ಅಪ್ಪನ ಲಕ್ಷಣ ನೋಡಿ. ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ, ಅದಕ್ಕೇ ಮಂಜು. ಬೆವರಿನ ಗ್ರಂಥಿಗೆ ಬಿಡುವೇ ಸಿಗುವುದಿಲ್ಲ. ತೋಳಿನ ಸ್ನಾಯು ಸುಮ್ಮನಿರಲಾರದು. ನೀವು ಬರೆದ ಮೂರೂ ಇದಕ್ಕೆ ಹೊಂದುತ್ತವೆ.

ರೂಢಿ ಅನ್ನುವ ಮಾತಿಗೆ ನನ್ನ ಕಡೆಯಿಂದ ಖಂಡಿತ ಒಪ್ಪಿಗೆ ಇಲ್ಲ. ಬಿಗಿಯಾಗಿ ಕಟ್ಟಿಕೊಂಡ ಕಿಣ್ವ ಮತ್ತೆ ಕೆಲಸಕ್ಕೆ ಬರುವುದಿಲ್ಲ. ದೇಹ ಹೊಸದನ್ನೇ ತಯಾರಿಸಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಅಷ್ಟರಲ್ಲಿ ಇನ್ನೊಂದು ಸುತ್ತು ಎಣ್ಣೆ ಹೊಡೆದರೆ ಇದ್ದದ್ದೂ ಕರಗುತ್ತದೆ. ಹೊರಗೆ ಏನೂ ಕಾಣದಿದ್ದರೂ ಪ್ರತಿ ಸುತ್ತಿಗೂ ಅಪಾಯ ಜಾಸ್ತಿಯೇ.

ವೈದ್ಯರ ಹತ್ತಿರ ಹೋದಾಗ ಡಬ್ಬಿ ತೋರಿಸಿ, ರಕ್ತದಲ್ಲಿ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಬಹುದಾ ಅಂತ ಕೇಳಿ. ಬಾಯಲ್ಲಿ ಜೊಲ್ಲು ಸುರಿದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ಅದು ಬರುವಷ್ಟರಲ್ಲಿ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆಯಿರಿ, ನಿಮ್ಮ ಕೈಗೂ ಎಣ್ಣೆ ತಾಗದ ಹಾಗೆ. ಆಸ್ಪತ್ರೆಯಲ್ಲಿ ಕೊಡುವ ಅಟ್ರೊಪಿನ್ ಜೊಲ್ಲು, ಕಫ ತಗ್ಗಿಸಿ ಉಸಿರಾಟಕ್ಕೆ ದಾರಿ ಮಾಡುತ್ತದೆ. ಕಿಣ್ವವನ್ನು ಬಿಡಿಸುವ ಪ್ರಾಲಿಡಾಕ್ಸಿಮ್ ಬೇಕಾದರೆ ಅದನ್ನು ಕಟ್ಟು ಬಿಗಿಯಾಗುವ ಮುನ್ನ, ಬೇಗನೇ ಕೊಡಬೇಕು.

ಪರೀಕ್ಷೆಯ ಫಲಿತಾಂಶ ಬಂದು ವೈದ್ಯರು ಸರಿ ಅನ್ನುವವರೆಗೆ ಅಪ್ಪ ಪಂಪು ಹೊರುವುದು ಬೇಡ. ಈ ಪುಟವನ್ನು ಅವರಿಗೆ ಓದಿ ಹೇಳಿ.