ಎಂಬಿಟಿಐ ಎನ್ನುವ ವ್ಯಕ್ತಿತ್ವ ಪರೀಕ್ಷೆಯಲ್ಲಿ ನನಗೆ ಒಮ್ಮೆ ಅಂತರ್ಮುಖಿ, ಇನ್ನೊಮ್ಮೆ ಬಹಿರ್ಮುಖಿ ಅಂತ ಬಂತು. ಯಾಕೆ ಹೀಗೆ?

ನೀವು ಬಹುಶಃ ಎರಡರ ನಡುವೆ ಎಲ್ಲೋ ಇದ್ದೀರಿ, ಅಷ್ಟೇ. ಸ್ವಭಾವವೇನೂ ಬದಲಾಗಿರಲಿಕ್ಕಿಲ್ಲ.

ಅಂತರ್ಮುಖಿ, ಬಹಿರ್ಮುಖಿ ಅನ್ನುವುದು ಎತ್ತರದ ಹಾಗೆ ಒಂದೇ ಅಳತೆ. ತೀರಾ ಕುಳ್ಳಗಿನವರು, ತೀರಾ ಎತ್ತರದವರು ಕಡಿಮೆ, ಮಧ್ಯದವರೇ ಜಾಸ್ತಿ. ಜನರನ್ನು 16 ಬಗೆಯಾಗಿ ವಿಂಗಡಿಸುವ ಎಂಬಿಟಿಐ ಆ ಮಧ್ಯದಲ್ಲೇ ಗೆರೆ ಎಳೆದು, ಈಚೆಯವರಿಗೆ 'ಐ' (ಅಂತರ್ಮುಖಿ), ಆಚೆಯವರಿಗೆ 'ಇ' (ಬಹಿರ್ಮುಖಿ) ಅಕ್ಷರ ಕೊಡುತ್ತದೆ. ಗೆರೆಯ ಹತ್ತಿರ ಇರುವವರು ಒಂದೆರಡು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟರೂ ಸಾಕು, ಅಕ್ಷರವೇ ಬದಲು. ಮದುವೆ ಮನೆಯಲ್ಲಿ ಓಡಾಡಿ ಸುಸ್ತಾಗಿ ಬಂದ ದಿನ "ಜನರ ಜೊತೆ ಇರುವುದು ಇಷ್ಟವೇ?" ಎಂದು ಕೇಳಿದರೆ ಯಾರು ತಾನೇ ಹೌದು ಅಂತಾರೆ!

ಅಂತರ್ಮುಖಿ, ಬಹಿರ್ಮುಖಿ ಅನ್ನುವ ವಿಂಗಡಣೆ ಹೆಸರುವಾಸಿಯಾದದ್ದು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಅದರ ಬಗ್ಗೆ ಬರೆದ ಮೇಲೆ. ಇಂದು ಸಂಶೋಧಕರು ಹೆಚ್ಚಾಗಿ ನೆಚ್ಚುವ 'ಬಿಗ್ ಫೈವ್', ಅಂದರೆ ಐದು ಗುಣಗಳ ಅಳತೆ, ಅಕ್ಷರದ ಬದಲು ಅಂಕ ಕೊಡುತ್ತದೆ. ನನಗೆ ಅದೇ ಸರಿ ಅನ್ನಿಸುತ್ತದೆ. 48 ಇದ್ದದ್ದು 53 ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ವಾ?

ಅಂದಹಾಗೆ, ನಾಚಿಕೆ ಅಂತರ್ಮುಖಿ ಸ್ವಭಾವಕ್ಕಿಂತ ಬೇರೆ. ಅದು ಜನ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು. ಅಂತರ್ಮುಖಿಗೆ ಆ ಅಳುಕು ಇರಲೇಬೇಕೆಂದಿಲ್ಲ, ಗದ್ದಲ ಬೇಗ ಸಾಕೆನಿಸಬಹುದು.