ಓದುಗರ ಪ್ರಶ್ನೆ: ಕಣ್ಣಿನ ಪಾಪೆ ಅಳೆಯೋ ಆ್ಯಪು, ಅದರ ಸೆಟ್ಟಿಂಗು

ಪ್ರಶ್ನೆ: ನಮಸ್ಕಾರ್ರಿ ಸರ್. ಲಕ್ಷ್ಮೇಶ್ವರದಾಗ ನಂದೊಂದು ಸಣ್ಣ ಚಷ್ಮಾ ಅಂಗಡಿ ಐತಿ. ಬೆಳಕು ಬಿದ್ದಾಗ ಕಣ್ಣಿನ ಪಾಪೆ ಹೆಂಗ ಸಣ್ಣ ಆಗತೈತಿ ಅಂತ ಅಳೆಯೋ ಆ್ಯಪ್ ಮೊಬೈಲಿಗೆ ಹಾಕ್ಕೊಂಡೇನಿ. ಒಬ್ಬರಿಗೇ ಮುಂಜಾನೆ 3.1 ಮಿ.ಮೀ. ತೋರಸ್ತು, ಸಂಜಿಗೆ 4.6. ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗ ಫ್ರೇಮ್ ರೇಟ್, ಎಕ್ಸ್‌ಪೋಸರ್, ಸ್ಮೂದಿಂಗ್, ಅಲರ್ಟ್ ಲಿಮಿಟ್ ಅಂತ ಏನೇನೋ ಅದಾವ. ಎಲ್ಲಾ ಫುಲ್ ಏರಿಸಿದೆ, ಇನ್ನಾ ಕೆಟ್ಟಿತು. ಏನ್ ಇಡಬೇಕ್ರಿ?

ಉತ್ತರ: ಅಕ್ಕಾರ, ಮೊದ್ಲ ಎಲ್ಲಾ ರೀಸೆಟ್ ಮಾಡಿಬಿಡ್ರಿ. 3.1, 4.6 ಎರಡೂ ಖರೇ ಇರಬಹುದು. ಚಲೋ ಬೆಳಕಿನ್ಯಾಗ ಪಾಪೆ 2ರಿಂದ 4 ಮಿ.ಮೀ. ಇರತೈತಿ, ಕತ್ತಲದಾಗ 4ರಿಂದ 8ರ ತನಕ ಹೋಗತೈತಿ, ವಯಸ್ಸಾದವರದು ಸಣ್ಣದು, ಭಾಳ ವರ್ಷದಿಂದ ಶುಗರ್ ಇದ್ದವರದೂ ಸಣ್ಣದಿರಬಹುದು. ಮುಂಜಾನೆ ನಿಮ್ಮ ಶಟರ್ ಪೂರಾ ಮ್ಯಾಲ, ಸಂಜಿಗೆ ಟ್ಯೂಬ್‌ಲೈಟು, ಕರೆಂಟ್ ಹೋದ್ರ ಇನ್ವರ್ಟರ್ ಬಲ್ಬು, ಮತ್ತ ಒಂದ ನಂಬರ್ ಹೆಂಗ ಬರತೈತ್ರಿ? ಅದಕ್ಕ ಅಂಗಡಿ ಹಿಂದಿನ ಒಂದು ಮೂಲಿ ಗೊತ್ತ ಮಾಡಿ ಪರದೆ ಹಾಕ್ರಿ, ದಿನಾ ಅದ ಒಂದು ಸಣ್ಣ ಬಲ್ಬ್ ಹಚ್ಚರಿ, ಬಿಸಲಾಗಿಂದ ಬಂದವರನ್ನ ಐದು ನಿಮಿಷ ಕುಂದರಿಸಿ ನೀರು ಕೊಟ್ಟು ಆಮ್ಯಾಲ ಟೆಸ್ಟ್ ಮಾಡ್ರಿ. ಕಣ್ಣು ಕತ್ತಲಕ್ಕ ಪೂರಾ ಹೊಂದಿಕೊಳ್ಳಾಕ ಅರ್ಧ ತಾಸು ಬೇಕು, ಅಷ್ಟೊತ್ತು ಯಾರೂ ಕುಂದರಂಗಿಲ್ಲ, ಹಂಗಾಗಿ ಪೂರಾ ಕತ್ತಲ ಬ್ಯಾಡ, ದಿನಾ ಒಂದ ಥರ ಮಬ್ಬು ಬೆಳಕು ಸಾಕು. ಇನ್ನೊಂದು, ಹತ್ತಿರದ್ದು ನೋಡಿದ್ರೂ ಪಾಪೆ ಸಣ್ಣ ಆಗತೈತಿ. ನೀವು ಮೊಬೈಲ್ ಹಿಡದಾಗ ಅವರು ಮೊಬೈಲನ್ನ ನೋಡತಾರ, ಅಲ್ಲೇ ಲೆಕ್ಕ ತಪ್ಪತೈತಿ. ಎದುರಿನ ಗ್ವಾಡಿಗೆ ಕ್ಯಾಲೆಂಡರ್ ಹಾಕಿ ಅದನ್ನ ನೋಡ್ರಿ ಅಂತ ಹೇಳ್ರಿ. ಇದ್ಯಾವುದನ್ನೂ ಸೆಟ್ಟಿಂಗ್ ಸರಿ ಮಾಡಂಗಿಲ್ಲ.

ಈಗ ಸೆಟ್ಟಿಂಗ್ಸ್. ಎಲ್ಲಕಿಂತ ದೊಡ್ಡದು ಎಕ್ಸ್‌ಪೋಸರ್ ಲಾಕ್, ಅಂದ್ರ ಕ್ಯಾಮೆರಾ ಒಳಗ ತಗೊಳ್ಳೋ ಬೆಳಕು ಬದಲಾಗದಂಗ ಕಟ್ಟಿ ಹಾಕೂದು. ಟಾರ್ಚ್ ಹತ್ತಿದ ಕೂಡಲೇ ಕ್ಯಾಮೆರಾ ತನ್ನಷ್ಟಕ್ಕ ತಾನ ಬೆಳಕು ಹೊಂದಿಸ್ಕೋತೈತಿ, ಆಗ ಪಾಪೆ ಅಂಚು ಸರದಂಗ ಕಾಣಸತೈತಿ, ಆ್ಯಪ್ ಅದನ್ನ ಪಾಪೆ ಸಣ್ಣ ಆತು ಅಂತ ಬರಕೊಂತೈತಿ. ಅದಕ್ಕ ಎಕ್ಸ್‌ಪೋಸರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರೂ ಲಾಕ್ ಇರಲಿ. ಹಂಗ ಆ್ಯಂಟಿ ಫ್ಲಿಕರ್ ಅಂತ ಇದ್ರ 50 ಹರ್ಟ್ಸ್ ಇಡ್ರಿ, ನಮ್ಮ ದೇಶದ ಕರೆಂಟು 50 ಹರ್ಟ್ಸ್, ಆ್ಯಪ್ ಒಳಗ 60 ಇದ್ರ ಟ್ಯೂಬ್‌ಲೈಟ್ ಅಡಿಯೊಳಗ ವಿಡಿಯೋದ ಮ್ಯಾಲ ಪಟ್ಟಿ ಪಟ್ಟಿ ಓಡತಾವ.

ಫ್ರೇಮ್ ರೇಟ್ ಫುಲ್ ಏರಿಸಿದ್ದಕ್ಕ ನಿಮಗ ಕೆಟ್ಟದ್ದು. ಬೆಳಕು ಬಿದ್ದ ಮ್ಯಾಲ ಪಾಪೆ ಸಣ್ಣ ಆಗಾಕ ಶುರು ಮಾಡೂದ 200ರಿಂದ 250 ಮಿಲಿಸೆಕೆಂಡ್ ಆದ ಮ್ಯಾಲ. ಸೆಕೆಂಡಿಗೆ 30 ಫ್ರೇಮ್, ಅಂದ್ರ 30 ಚಿತ್ರ, ಇದ್ರ ಒಂದೊಂದು ಫ್ರೇಮ್ 33 ಮಿಲಿಸೆಕೆಂಡು, ಅಂದ್ರ ಆ ಹೊತ್ತೆಲ್ಲಾ ಬರೇ ಆರೇಳು ಫ್ರೇಮ್ ಒಳಗ ಮುಗಿತೈತಿ, ಒಂದು ಫ್ರೇಮ್ ಹೆಚ್ಚುಕಮ್ಮಿ ಆದ್ರ ಚಲೋ ಕಣ್ಣೂ ನಿಧಾನ ಅನ್ನಸತೈತಿ. 60ಕ್ಕ ಇಟ್ರ ಒಂದು ಫ್ರೇಮ್ 17 ಮಿಲಿಸೆಕೆಂಡ್, 120ಕ್ಕ 8. ಹಂಗಂದ ಕೂಡಲೇ 240ಕ್ಕ ಹಾರಬ್ಯಾಡ್ರಿ, ಮಬ್ಬು ಬೆಳಕಿನ್ಯಾಗ ಒಂದೊಂದು ಫ್ರೇಮಿಗೂ ಬೆಳಕು ಸಾಲಂಗಿಲ್ಲ, ಚಿತ್ರ ಕಾಳುಕಾಳು ಆಗತೈತಿ, ಮೊದಲ ನಮ್ಮವು ಕಡುಗಂದು ಕಣ್ಣು, ಕರೀ ಪಾಪೆ ಎಲ್ಲಿ ಮುಗೀತು ಸುತ್ತಲಿನ ಬಣ್ಣದ ಭಾಗ ಐರಿಸ್ ಎಲ್ಲಿ ಶುರುವಾತು ಅಂತ ಸಾದಾ ಕ್ಯಾಮೆರಾಕ್ಕ ತಿಳಿಯೂದ ಕಷ್ಟ. ದವಾಖಾನಿ ಮಷೀನಿನೊಳಗ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಇರೂದು ಇದಕ್ಕ. ನನ್ನ ಪ್ರಕಾರ ನೀವು 60ಕ್ಕ ಇಡ್ರಿ, ಐರಿಸ್ ಬಣ್ಣ ಕೇಳಿದ್ರ ಡಾರ್ಕ್ ಅಂತ ಒತ್ತರಿ.

ಸ್ಮೂದಿಂಗ್, ಅಂದ್ರ ಗ್ರಾಫಿನ ಗೆರಿ ನುಣುಪು ಮಾಡೋ ಫಿಲ್ಟರ್, ಅದರ ಬಗ್ಗೆ ನಾ ಸ್ವಲ್ಪ ಬಿಸಿಯಾಗೇ ಮಾತಾಡ್ತೇನ್ರಿ. ನಾನು ಈ ಕೆಲಸಕ್ಕ ಹೊಸಬ ಇದ್ದಾಗ ಗ್ರಾಫ್ ಚಂದ ಕಾಣ್ಲಿ ಅಂತ ಫಿಲ್ಟರ್ ಏರಿಸಿ ಇಟ್ಟಿದ್ದೆ, ನವಲಗುಂದ ಕಡೆಯ ಒಬ್ಬ ಹುಡುಗನ ಪಾಪೆ ನಿಧಾನ ಅಂತ ತೋರಸ್ತು, ದೊಡ್ಡ ದವಾಖಾನಿಗೆ ಕಳಿಸಿದೆ, ಎರಡು ದಿನದ ಕೂಲಿ ಬಿಟ್ಟು ಹೋಗಿ ಬಂದ, ಏನೂ ಇರಲಿಲ್ಲ. ಅವರ ಅವ್ವನ ಮುಖ ಇವತ್ತಿಗೂ ಕಣ್ಣಮುಂದ ಐತಿ. ಸ್ಮೂದಿಂಗ್ ಹೆಚ್ಚಾದ್ರ ಗೆರಿ ಮೆತ್ತಗಾಗತೈತಿ, ಪಾಪೆ ಓಡೋ ವೇಗ ಕಮ್ಮಿ ತೋರಸತೈತಿ. ಅದನ್ನ ಕೆಳಗ ಇಡ್ರಿ, ಕಣ್ಣು ಪಿಳಕಿಸಿದಲ್ಲಿ ಆ್ಯಪ್ ತಾನ ಗೆರಿ ತುಂಬಿಸೂದನ್ನೂ ಬಂದ್ ಮಾಡ್ರಿ, ಪಿಳಕಿಸಿದ್ರ ಮತ್ತೊಮ್ಮೆ ಟೆಸ್ಟ್ ಮಾಡಿದ್ರಾತು. ಮತ್ತೊಮ್ಮೆ ಮಾಡಾಕ ಮೊದ್ಲ ಒಂದು ನಿಮಿಷ ಬಿಡ್ರಿ, ಪಾಪೆ ಅಗಲ ಆಗಾಕ ಹೊತ್ತು ಬೇಕು. ಒರಿಜಿನಲ್ ವಿಡಿಯೋ ಸೇವ್ ಆಗೋ ಆಪ್ಷನ್ ಇದ್ರ ಗಿರಾಕಿಯನ್ನ ಕೇಳಿ ಆನ್ ಮಾಡ್ರಿ, ಡಾಕ್ಟ್ರಿಗೆ ಬೇಕಾಗೂದು ಅದು.

ಮಿಲಿಮೀಟರ್‌ಕ್ಕಿಂತ ಶೇಕಡಾ ಎಷ್ಟು ಸಣ್ಣ ಆತು ಅನ್ನೂದನ್ನ ನೋಡ್ರಿ. ಯಾಕಂದ್ರ ಭಾಳ ಆ್ಯಪ್‌ಗಳು ಐರಿಸ್ ಅಡ್ಡಳತಿ ಸುಮಾರು 11.7 ಮಿ.ಮೀ. ಅಂತ ಹಿಡದು ಅದರ ಮ್ಯಾಲ ಪಾಪೆ ಲೆಕ್ಕ ಹಾಕತಾವ, ಒಬ್ಬರ ಐರಿಸ್ ಸ್ವಲ್ಪ ದೊಡ್ಡದಿದ್ರ ಮಿ.ಮೀ. ತಪ್ಪತೈತಿ, ಶೇಕಡಾ ತಪ್ಪಂಗಿಲ್ಲ.

ಅಲರ್ಟ್ ಲಿಮಿಟ್ ಅಂದ್ರ ಎರಡೂ ಪಾಪೆ ನಡುವ ಎಷ್ಟು ಫರಕು ಇದ್ರ ಆ್ಯಪ್ ಎಚ್ಚರಿಸಬೇಕು ಅನ್ನೂದು. ಸುಮಾರು ಐದು ಮಂದಿಯೊಳಗ ಒಬ್ಬರಿಗೆ ಹುಟ್ಟಾ ಸ್ವಲ್ಪ ಫರಕು ಇರತೈತಿ, ರೋಗ ಅಲ್ಲ. 0.3ಕ್ಕ ಇಟ್ರ ದಿನಾ ಯಾರನ್ನರ ಹೆದರಸತೀರಿ. 1 ಮಿ.ಮೀ.ಗೆ ಇಡ್ರಿ. ಆದ್ರ ಅಲರ್ಟ್ ಬರಲಿಲ್ಲ ಅಂದ್ರ ಎಲ್ಲಾ ಚಲೋ ಐತಿ ಅಂತ ಮಾತ್ರ ಹೇಳಬ್ಯಾಡ್ರಿ. ಫರಕು ಕಂಡ್ರ ಬೆಳಕಿನ್ಯಾಗೊಮ್ಮೆ ಮಬ್ಬಿನ್ಯಾಗೊಮ್ಮೆ ಅಳೀರಿ. ಎರಡೂ ಕಡೆ ಅಷ್ಟ ಫರಕು ಇದ್ರ ಹುಟ್ಟಿನಿಂದ ಬಂದದ್ದಿರಬಹುದು, ಬೆಳಕಿನ್ಯಾಗ ಫರಕು ಹೆಚ್ಚಾದ್ರ ದೊಡ್ಡ ಪಾಪೆಯೊಳಗ ತೊಂದರಿ, ಕತ್ತಲದಾಗ ಹೆಚ್ಚಾದ್ರ ಸಣ್ಣದರೊಳಗ. ಮನ್ಯಾಗಿನ ಮದವಿ ಫೋಟೋ ತರಾಕ ಹೇಳ್ರಿ, ಅದರೊಳಗೂ ಹಂಗ ಇದ್ರ ಹಳೇದು.

ಪ್ರಶ್ನೆ: ಬ್ಯಾಡಗಿ ಹತ್ರ ನಮ್ಮೂರು. ಅಪ್ಪ ಮೆಣಸಿನಕಾಯಿಗೆ ಎಣ್ಣಿ ಹೊಡೀತಾರ. ವಿಷ ಏರಿದ್ರ ಪಾಪೆ ಸಣ್ಣ ಆಗತೈತಿ ಅಂತ ಕೇಳೇನಿ. ಆ್ಯಪಿನೊಳಗ ಎಷ್ಟಕ್ಕ ಅಲಾರಾಂ ಇಟ್ರ ಗೊತ್ತಾಗತೈತ್ರಿ?

ಉತ್ತರ: ತಮ್ಮಾ, ಆ ನಂಬರ್ ನಾ ಕೊಡಂಗಿಲ್ಲ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಎಣ್ಣಿ ಮೈಯಾಗ ಹೋದ್ರ ಪಾಪೆ ಸೂಜಿ ಮೊನಿಯಷ್ಟ ಆಗತೈತಿ ಅನ್ನೂದು ಖರೆ, ಯಾಕಂದ್ರ ನರದ ಸುದ್ದಿಯನ್ನ ನಿಲ್ಲಿಸೋ ಕೋಲಿನೆಸ್ಟರೇಸ್ ಅನ್ನೋ ಕಿಣ್ವವನ್ನ ಅದು ಕಟ್ಟಿ ಹಾಕತೈತಿ. ಆದ್ರ ಎಲ್ಲಾರಿಗೂ ಹಂಗ ಆಗಂಗಿಲ್ಲ, ಒಮ್ಮೊಮ್ಮೆ ಪಾಪೆ ದೊಡ್ಡದೂ ಇರತೈತಿ, ಬ್ಯಾರೆ ಜಾತಿಯ ಕೆಲವು ಎಣ್ಣಿಗಳು ಪಾಪೆಯನ್ನ ಮುಟ್ಟೂದ ಇಲ್ಲ. ಮೊಬೈಲ್ ಹಸಿರು ತೋರಸ್ತು ಅಂತ ನೀ ಸುಮ್ನ ಕುಂತ್ರ ಅಪ್ಪನ ಜೀವಕ್ಕ ಕುತ್ತು. ಬೆವರು ಹೆಚ್ಚಾತು, ಬಾಯಾಗ ಜೊಲ್ಲು, ಕಣ್ಣೀರು, ವಾಂತಿ, ಉಸಿರು ಕಟ್ಟೂದು ಕಂಡ್ರ ಆ್ಯಪ್ ತೆಗೀಬ್ಯಾಡ, 108ಕ್ಕ ಫೋನ್ ಹಚ್ಚು. ಗಾಡಿ ಬರೂದ್ರಾಗ ಕೈಗೆ ಗ್ಲೌಸ್ ಇಲ್ಲಾ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ಅರಿಬಿ ತೆಗೆದು ಸಾಬಾಣ ಹಚ್ಚಿ ಮೈ ತೊಳಿ, ಎಣ್ಣಿ ಬಾಟ್ಲಿ ಮ್ಯಾಗಿನ ಲೇಬಲ್ ಸಮೇತ ದವಾಖಾನಿಗೆ ಒಯ್ಯಿ, ಡಾಕ್ಟ್ರು ಆ ಹೆಸರು ನೋಡೇ ಈ ವಿಷಕ್ಕ ಕೊಡೋ ಮದ್ದು ಅಟ್ರೋಪಿನ್ ಕೊಡೂದೋ ಏನು ಅಂತ ನಿರ್ಧಾರ ಮಾಡತಾರ. ಗಾಳಿ ಎದುರಿಗೆ ಹೊಡಿಬ್ಯಾಡ ಅಂತ ಅಪ್ಪಗ ಇವತ್ತ ಹೇಳು.

ಪ್ರಶ್ನೆ: ಕುಂದಗೋಳದಿಂದ. ಕಳೆ ಕಿತ್ತು ಬಂದ ಮರುದಿನ ನಮ್ಮ ಹಿರೇಮಗಳ ಬಲಗಣ್ಣಿನ ಪಾಪೆ ದೊಡ್ಡದಾಗೈತಿ, ಆ್ಯಪ್ ಕೆಂಪು ತೋರಸಾಕತ್ತೈತಿ. ಸೆಟ್ಟಿಂಗ್ ತಪ್ಪೇನ್ರಿ?

ಉತ್ತರ: ಈ ಸಲ ಆ್ಯಪ್ ಸರಿ ಇದ್ದಂಗ ಕಾಣತೈತ್ರಿ ಅಕ್ಕಾರ. ಹೊಲದಾಗ ಮದಗುಣಿಕಿ ಗಿಡ, ದತ್ತೂರಿ ಅಂತಾರಲ್ಲ, ಅದನ್ನ ಕಿತ್ತ ಕೈಲೇ ಕಣ್ಣು ಉಜ್ಜಿದ್ಲೇನು ಕೇಳ್ರಿ. ಅದರ ರಸದಾಗ ಅಟ್ರೋಪಿನ್ ಜಾತಿ ಮದ್ದು ಇರತೈತಿ, ಒಂದ ಪಾಪೆ ಅಗಲ ಆಗಿ ಹತ್ತಿರದ್ದು ಮಸುಕಾಗಿ ಕೆಲವು ದಿನಕ್ಕ ತಾನ ಇಳೀತೈತಿ. ಆದ್ರೂ ಕಣ್ಣಿನ ಡಾಕ್ಟ್ರಿಗೆ ಇವತ್ತ ತೋರಸ್ರಿ, ಪಾಪೆ ಸಣ್ಣ ಮಾಡೋ ಪೈಲೋಕಾರ್ಪಿನ್ ಡ್ರಾಪ್ ಹಾಕಿ ನೋಡಿದ್ರ ಮದ್ದಿನಿಂದ ಆದದ್ದೋ ನರದ್ದೋ ಅವರಿಗೆ ತಿಳೀತೈತಿ. ರೆಪ್ಪಿ ಜೋತು ಬಿದ್ದಿದ್ರ, ಒಂದು ಎರಡಾಗಿ ಕಂಡ್ರ, ತಲಿ ಸಿಡದಂಗ ನೋವಿದ್ರ ಇದನ್ನ ಓದೂದು ಬಿಟ್ಟು ಈಗಿಂದೀಗ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಕರಕೊಂಡು ನಡೀರಿ.